ಮಾಳವ್ವನ ಹಳ್ಳ

ಸುರಪುರದಿಂದ ಶಹಾಪುರಕ್ಕೆ ಹೊರಟ ಬಸ್ಸು ಹಳ್ಳದ ದಂಡೆಯಲ್ಲಿ ಕೆಟ್ಟು ನಿಂತಿತು. ಕುರಿಗಳಿಗೆ ನೀರು ಕುಡಿಸಲು ಬಂದಿದ್ದ ಮುದುಕಿಯೊಬ್ಬಳು ತಾನು ಕುಡಿಯುವ ಮೊದಲು ಒಂದು ಬೊಗಸೆ ನೀರನ್ನು ದಂಡೆಯ ಮೇಲೆ ಚೆಲ್ಲಿದಳು.

“ಇದು ಮಾಳವ್ವನ ಪಾಲ್ರಿ. ಕುರಿ ಹೊಡ್ಕೊಂಡು ಬಂದು ಇಲ್ಲಿ ಮೊದಲ ಮನಿ ಹಾಕಿದಾಕಿ. ಹಳ್ಳಕ್ಕೂ ಆಕಿದ ಹೆಸರು.”

ನಿಜಾಮರ ಕಾಲದ ಉರ್ದು ನಕಾಶೆಗಳನ್ನು ಕನ್ನಡಕ್ಕೆ ಇಳಿಸುವ ಗುಮಾಸ್ತ ನಾನು. ಹೋದ ತಿಂಗಳು ಇದೇ ಹಳ್ಳದ ಹೆಸರು ಓದಲು ಬಾರದೆ, ಯಾರನ್ನೂ ಕೇಳದೆ, ಬರೀ ‘ಹಳ್ಳ’ ಎಂದು ಬರೆದು ಅಚ್ಚಿಗೆ ಕಳಿಸಿದ್ದೆ.

ನನ್ನ ಕೆಲಸ ಏನೆಂದು ತಿಳಿದ ಮೇಲೆ ಮುದುಕಿ, “ಸಾಹೇಬ್ರ, ನಿಮ್ಮ ಕಾಗದದಾಗ ಆಕಿ ಹೆಸರು ಅದಲ್ರಿ?” ಎಂದಳು.

“ಅದ, ಯವ್ವಾ.”

“ಹಂಗಾದ್ರ ಕುಡೀರಿ. ನೀರು ಸಿಹಿ ಅದ.”

ಬಗ್ಗಿ ಮೊದಲ ಬೊಗಸೆಯನ್ನು ಚೆಲ್ಲಿದೆ. ಎರಡನೆಯದನ್ನು ಕುಡಿಯಲಾಗಲಿಲ್ಲ.