ಟ್ರಾನ್ಸ್‌ಫ್ಯೂಜ್ ಎಂಬ ಪದ, ನನ್ನ ಅಕ್ಕ

ಕೊಟ್ಟೂರಿನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ನಾನು ಒಂದು ಫ್ರೆಂಚ್ ಪುಸ್ತಕವನ್ನು ಇಂಗ್ಲಿಷಿಗೆ ತಂದೆ. ಹದಿನಾಲ್ಕು ತಿಂಗಳು ಹಿಡಿಯಿತು. ಬೆಳಿಗ್ಗೆ ಎದ್ದು ಎರಡು ತಾಸು ಅನುವಾದ, ಆಮೇಲೆ ಡಬ್ಬಿ ಕಟ್ಟಿಕೊಂಡು ಹರಪನಹಳ್ಳಿ ಬಸ್ಸು. ಅಲ್ಲಿಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಫ್ರೆಂಚ್ ಕಲಿತದ್ದು ಹೈದರಾಬಾದಿನಲ್ಲಿ ಎಂ.ಎ. ಓದುವಾಗ. ಮಧ್ಯಾಹ್ನ ಹಾಸ್ಟೆಲಿನ ರೂಮು ಕಾದ ಹಂಚಿನಂತಾಗುತ್ತಿತ್ತು. ಭಾಷಾ ವಿಭಾಗದ ಒಂದು ಕೋಣೆಯಲ್ಲಿ ಕೂಲರ್ ಇತ್ತು, ಆ ಹೊತ್ತಿಗೆ ಅಲ್ಲಿ ಫ್ರೆಂಚ್ ತರಗತಿ ನಡೆಯುತ್ತಿತ್ತು. ತಂಪಿಗೆಂದು ಹೋದವಳು ಅಲ್ಲೇ ಉಳಿದುಬಿಟ್ಟೆ.

ಪುಸ್ತಕ ಬರೆದಾತ ಗಾರೆ ಕೆಲಸದವನ ಮಗ. ಓದಿ ನ್ಯಾಯಾಧೀಶನಾದವನು, ಮುಪ್ಪಿನಲ್ಲಿ ಕೂತು ತಾನು ಮೇಲೆ ಬಂದ ಬಗೆಯನ್ನು ಬರೆದಿದ್ದ. ಬಡವರ ಮಕ್ಕಳು ಮೇಲೆ ಬರುವುದನ್ನು ಫ್ರೆಂಚರು ಲಿಫ್ಟಿಗೆ ಹೋಲಿಸುತ್ತಾರೆ. ‘ಸಮಾಜದ ಲಿಫ್ಟು ಕೆಟ್ಟು ನಿಂತಿದೆ’ ಎನ್ನುವುದು ಅವರಲ್ಲಿ ಪೇಪರಿನವರ ದಿನದ ಮಾತು. ಇಂಗ್ಲಿಷಿನವರಿಗೆ ಅದೇ ಏಣಿ. ದೆಹಲಿಯಿಂದ ಸಂಪಾದಕಿ ಫೋನು ಮಾಡಿ, “ಏಣಿ ಅಂತಲೇ ಹಾಕಿ, ಓದುವವರಿಗೆ ಸಲೀಸು” ಅಂದರು. ನಾನು ಒಪ್ಪಲಿಲ್ಲ. ಏಣಿಯಾದರೆ ತನ್ನ ಕಾಲೂರಿ ಹತ್ತಬೇಕು. ಲಿಫ್ಟಿನಲ್ಲಿ ನಿಂತರೆ ಸಾಕು, ಒಯ್ಯುವುದು ಬೇರೆ ಯಾವುದೋ. ತನ್ನನ್ನು ಒಯ್ದದ್ದು ಸರ್ಕಾರಿ ಶಾಲೆ, ತನ್ನ ಕಾಲಲ್ಲ ಎಂದೇ ಆತ ಹೇಳಹೊರಟದ್ದು. ಸಂಪಾದಕಿ ಎರಡು ದಿನ ಯೋಚಿಸಿ ಹೂಂ ಅಂದರು.

ನಾನು ಸಿಕ್ಕಿಬಿದ್ದದ್ದು ಮೂರನೆಯ ಅಧ್ಯಾಯದಲ್ಲಿ. ಹುಟ್ಟಿದ ಮನೆಯವರನ್ನು ದಾಟಿ, ಓದಿದವರ ಸಾಲಿಗೆ ಸೇರಿದವರನ್ನು ಫ್ರೆಂಚಿನಲ್ಲಿ ಟ್ರಾನ್ಸ್‌ಫ್ಯೂಜ್ ಎನ್ನುತ್ತಾರೆ. ಅದು ದಂಡಿನಿಂದ ಬಂದ ಪದ. ಯುದ್ಧದ ನಡುವೆ ತನ್ನವರನ್ನು ಬಿಟ್ಟು ವೈರಿಯ ಕಡೆ ಸೇರಿಕೊಂಡ ಸಿಪಾಯಿ ಎಂದು ಅರ್ಥ. ಇಂಗ್ಲಿಷಿನಲ್ಲಿ ‘ಡಿಫೆಕ್ಟರ್’ ಅನ್ನಬಹುದಿತ್ತು. ‘ಮೈಗ್ರಂಟ್’ ಅಂದರೆ ಮೆತ್ತಗಾಗುತ್ತಿತ್ತು. ಒಂದು ವಾರ ಈ ಎರಡನ್ನೂ ಬರೆದು ಹೊಡೆದುಹಾಕುತ್ತಲೇ ಇದ್ದೆ. ಡಿಫೆಕ್ಟರ್ ಎಂದು ಬರೆದಾಗಲೆಲ್ಲ ಕೂಡ್ಲಿಗಿಯ ಹಾಸ್ಟೆಲ್ ಗೇಟು ಕಣ್ಣಿಗೆ ಬರುತ್ತಿತ್ತು.

ನಮ್ಮೂರು ಕಾನಹೊಸಹಳ್ಳಿಯ ಕಡೆ. ಅಪ್ಪ ಕುರಿ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಹೊರಗಿರುತ್ತಿದ್ದ. ಅವ್ವ ಕೂಲಿಗೆ ಹೋಗುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನನ್ನು ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿ ಮನೆಯಲ್ಲಿ ಉಳಿಸಿಕೊಂಡರು. ನಾನು ಆರನೇದು ಮುಗಿಸಿದ ವರ್ಷ ಹೆಡ್ ಮಾಸ್ತರು ಮನೆಗೆ ಬಂದು, ಕೂಡ್ಲಿಗಿಯ ಹುಡುಗಿಯರ ಹಾಸ್ಟೆಲಿನಲ್ಲಿ ಒಂದು ಸೀಟು ಇದೆ, ಇವಳನ್ನು ಕಳಿಸಿ ಎಂದರು. ಅವ್ವ ಬೇಡವೆಂದು ಕೈಯಾಡಿಸಿದಳು. ಮರಿಗಳನ್ನು ನೋಡಿಕೊಳ್ಳುವವರು, ನೀರು ತರುವವರು ಯಾರು ಎಂದಳು. ಒಲೆಯ ಮುಂದೆ ಕೂತಿದ್ದ ಅಕ್ಕ ತಿರುಗಿ ಕೂಡ ನೋಡದೆ, “ಅಕಿನ್ನ ಕಳಸ್ರಿ. ಅಕಿ ಕೆಲಸಾನೂ ನಾನ ಮಾಡ್ತೀನಿ” ಅಂದಳು. ಆಗ ಅವಳಿಗೆ ಹದಿನಾರು.

ಹಾಸ್ಟೆಲಿಗೆ ಸೇರಿದ ಮೇಲೆ ತಿಂಗಳಿಗೊಮ್ಮೆ ಅಕ್ಕ ಬರುತ್ತಿದ್ದಳು. ಬಟ್ಟೆಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಮೈಯಿಂದ ಕುರಿಯ ವಾಸನೆ ಬರುತ್ತಿತ್ತು. ಒಂದು ಸಲ ನನ್ನ ಜೊತೆಗಿದ್ದ ಹುಡುಗಿ, “ಯಾರಕಿ?” ಎಂದು ಕೇಳಿದಳು. ನಾನು, “ನಮ್ಮೂರಾಕಿ. ಅವ್ವ ಬುತ್ತಿ ಕೊಟ್ಟು ಕಳಿಸ್ಯಾಳ” ಅಂದೆ. ಅಕ್ಕ ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಕೇಳಿಸಿರಲಿಕ್ಕಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ಆ ಪದಕ್ಕೆ ಸಿಕ್ಕಿಬಿದ್ದ ವಾರದ ಭಾನುವಾರ, ಅಕ್ಕನನ್ನು ಕೊಟ್ಟ ಊರಿಗೆ ಹೋದೆ. ಅವಳು ಅಂಗಳದಲ್ಲಿ ಕೂತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ನಾನೂ ಒಂದು ಕಲ್ಲು ತೆಗೆದುಕೊಂಡು ಎದುರಿಗೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಆ ಪದದ ವಿಷಯ ತೆಗೆದೆ.

“ಬಡವರ ಮನ್ಯಾಗ ಹುಟ್ಟಿ, ಓದಿ, ದೊಡ್ಡ ಮಂದಿ ಸಂಗಾಟ ಸೇರಿದವರಿಗೆ ಅವರು ಹಂಗಂತಾರಕ್ಕಾ. ಯುದ್ಧದಾಗ ನಮ್ಮವರನ್ನ ಬಿಟ್ಟು ಆ ಕಡಿಗೆ ಓಡಿ ಹೋದಂಗ.”

ಅಕ್ಕ ಬಡಿಯುವುದನ್ನು ನಿಲ್ಲಿಸಲಿಲ್ಲ. “ಯಾರ ಮ್ಯಾಲ ಯಾರ್ದು ಯುದ್ಧ?” ಎಂದು ಕೇಳಿದಳು.

“ಬರೆದವಗ ಹಂಗ ಅನ್ನಿಸೈತಿ” ಅಂದೆ.

“ಅವನು ಮನ್ಯಾಗ ಹೇಳದ ಹೋಗಿದ್ದನೇನು?”

“ಅವರಪ್ಪಗ ಅಂವ ಓದೋದು ಬ್ಯಾಡಾಗಿತ್ತು. ಜಗಳಾಡಿ ಹೋದ.”

“ಹಂಗಾರ ಅವಗ ಆ ಮಾತು ಸರಿ ಐತಿ ಬಿಡು. ನಿನಗ್ಯಾಕ ಹತ್ತತೈತಿ? ನೀ ಎಲ್ಲಿ ಓಡಿ ಹೋದಿ? ನಾವು ಕಳಿಸಿದ್ವಿ.”

ಹಾಗೆಂದು ಬೀಜಗಳನ್ನು ಒಂದು ಕಡೆ ಸರಿಸಿದಳು. ನನ್ನ ಕೈ ನಿಂತುಹೋಗಿತ್ತು. ಹೇಳಿಬಿಡಬೇಕು ಅನ್ನಿಸಿತು.

“ಅಕ್ಕಾ, ಹಾಸ್ಟೆಲ್ ಗೇಟಿನ್ಯಾಗ ಒಂದು ಸಲ ನಿನ್ನ ನಮ್ಮೂರಾಕಿ ಅಂದಿದ್ದೆ.”

“ಕೇಳಿಸಿತ್ತು.”

ಇನ್ನೊಂದು ಹುಣಸೆಹಣ್ಣು ಎಳೆದುಕೊಂಡು ಬಡಿದಳು.

“ಸಿಟ್ಟು ಬಂದಿತ್ತು” ಅಂದಳು ಅಕ್ಕ. “ಬಸ್ಸಿನ್ಯಾಗ ಅತ್ತೆ. ಇನ್ನ ಮ್ಯಾಲ ಹೋಗಬಾರದು ಅನಕೊಂಡೆ. ಮುಂದಿನ ತಿಂಗಳ ರೊಟ್ಟಿ ಬಡಿಯೋ ಹೊತ್ತಿಗೆ, ಅಕಿಗೆ ಅಲ್ಲಿ ಹೊಟ್ಟಿ ತುಂಬತೈತೋ ಇಲ್ಲೋ ಅನ್ನಿಸಿತು. ಬಂದೆ.”

ನಾನು ಅಳುತ್ತಿದ್ದೆ. ಅವಳು ಸಮಾಧಾನ ಹೇಳಲಿಲ್ಲ. ನನ್ನ ಕೈಯಿಂದ ಕಲ್ಲು ತೆಗೆದುಕೊಂಡು, “ಬೆರಳು ಜಜ್ಜಿಕೊಂಡೀಯ, ಇಡು” ಎಂದಷ್ಟೇ ಅಂದಳು.

ಕೊಟ್ಟೂರಿಗೆ ವಾಪಸಾದ ಮೇಲೆ ‘ಡಿಫೆಕ್ಟರ್’ ಎಂದೇ ಹಾಕಿದೆ. ಆತ ಜಗಳಾಡಿ ಹೋದವನು, ಅಪ್ಪನ ಮಣ್ಣಿಗೆ ಹೋಗಲಾಗದವನು. ಆ ನೋವು ಅವನದು. ಅದನ್ನು ಮೆತ್ತಗೆ ಮಾಡುವ ಹಕ್ಕು ನನಗಿರಲಿಲ್ಲ. ನನ್ನ ಅಕ್ಕನ ಮಾತನ್ನು ಅವನ ಬಾಯಲ್ಲಿ ಇಡುವುದೂ ತಪ್ಪು. ಆದರೆ ಕೊನೆಗೆ ಅನುವಾದಕರ ಮಾತು ಎಂದು ಎರಡು ಪುಟ ಕೊಟ್ಟಿದ್ದರು. ಅದರಲ್ಲಿ ಒಂದು ಸಾಲು ಸೇರಿಸಿದೆ: ನಾನು ಬಂದ ಕಡೆ ಇಂಥವರನ್ನು ಬಿಟ್ಟುಹೋದವರು ಎನ್ನುವುದಿಲ್ಲ, ಅವರು ಕಳಿಸಲ್ಪಟ್ಟವರು. ಸಂಪಾದಕಿ ಆ ಸಾಲನ್ನು ಮುಟ್ಟಲಿಲ್ಲ.

ಪುಸ್ತಕದ ಪ್ರತಿಗಳು ಬಂದಾಗ ಉಳ್ಳಾಗಡ್ಡಿ ಕೀಳುವ ಕಾಲ. ಒಂದು ಪ್ರತಿ ಒಯ್ದು ಅಕ್ಕನಿಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಡಿದುಕೊಂಡಳು. ಆ ಸಾಲನ್ನು ತೋರಿಸಿ ಕನ್ನಡದಲ್ಲಿ ಹೇಳಿದೆ.

“ಯಾರು ಕಳಿಸಿದ್ರು ಅಂತ ಐತೇನು?” ಎಂದು ಕೇಳಿದಳು.

“ಇಲ್ಲ. ಇಂಗ್ಲಿಷಿನ್ಯಾಗ ಯಾರು ಅಂತ ಹೇಳದಂಗ ಬರಿಯಾಕ ಬರತೈತಿ.”

“ಚಲೋ ಐತಿ ಬಿಡು ನಿಮ್ಮ ಇಂಗ್ಲಿಷು.”

ಅವಳು ನಗಲಿಲ್ಲ. ನಾನು ಚೀಲದಿಂದ ಪೆನ್ನು ತೆಗೆದು, ಆ ಸಾಲಿನ ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ, ‘ನನ್ನನ್ನು ನನ್ನ ಅಕ್ಕ ಕಳಿಸಿದಳು’ ಎಂದು ಬರೆದೆ. ಅಕ್ಕ ಪುಸ್ತಕವನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ನಾಲ್ಕನೇ ಇಯತ್ತೆಯ ಓದು. ‘ಕಳಿಸಿದಳು’ ಎನ್ನುವಲ್ಲಿ ತಡವರಿಸಿ, ಮತ್ತೆ ಮೊದಲಿಂದ ಓದಿ ದಾಟಿದಳು.

“ಅಪ್ಪ ಅವ್ವನ್ನ ಬಿಟ್ಟಿಯಲ್ಲ” ಅಂದಳು. “ಅವ್ವ ಮೊದಲು ಒಲ್ಲೆ ಅಂದಿದ್ಲು ಖರೆ. ಆಮ್ಯಾಲ ಹಾಸ್ಟೆಲಿಗೆ ಒಯ್ಯಾಕ ಟ್ರಂಕು ಕೊಡಿಸಿದಾಕಿ ಅಕಿನ ಅಲ್ಲೇನು? ಬರಿ.”

ಅಪ್ಪ, ಅವ್ವ ಎಂದು ಸೇರಿಸಿದೆ. ಅವಳು ಅದನ್ನೂ ಓದಿದಳು. ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ, ಪುಸ್ತಕವನ್ನು ರೇಷನ್ ಕಾರ್ಡು ಇಡುವ ಗೂಡಿನಲ್ಲಿಟ್ಟು ಬಂದಳು.

“ಕೈ ತೊಳಕೊ” ಅಂದಳು. “ಉಣ್ಣಾಕ ಹಾಕ್ತೀನಿ.”