ಬೋರ್‌ವೆಲ್ ನಕ್ಷೆಯ ಫೈಲುಗಳು

ಸುರಪುರದ ಸಣ್ಣ ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಸಹೋದ್ಯೋಗಿಗಳು ಹಳ್ಳಿಗಳಿಗೆ ಹೋಗಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಪರೀಕ್ಷಿಸಿ ಬರುತ್ತಾರೆ. ಆ ಅಂಕಿಗಳನ್ನು ನೋಡಿದ ಕೂಡಲೇ ತಿಳಿಯುವಂಥ ಚಿತ್ರವಾಗಿಸುವುದು ನನ್ನ ಪಾಲಿನದು.

ಬಳಿಚಕ್ರದ ಕಡೆಯ ಒಂದು ಹಳ್ಳಿಗೆ ನಕ್ಷೆ ಮಾಡಿದ್ದೆ. ಕುಡಿಯಬಹುದಾದ ಬೋರಿಗೆ ನೀಲಿ ಚುಕ್ಕಿ, ಕುಡಿಯಬಾರದ್ದಕ್ಕೆ ಕೆಂಪು, ಪಕ್ಕದಲ್ಲಿ ಓಣಿಯ ಹೆಸರು. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ಜೆಪೆಗ್ ಚಿತ್ರವಾಗಿ ಉಳಿಸಿ, ಶಹಾಪುರದ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿ ನಿಶ್ಚಿಂತಳಾದೆ.

ಹಳ್ಳಿಯವರಿಗೆ ನಕ್ಷೆ ತೋರಿಸಲು ಕರೆದ ಸಭೆಯ ದಿನ ಬೆಳಿಗ್ಗೆ ಫ್ಲೆಕ್ಸ್ ಬಿಚ್ಚಿದೆ. ವಾಟ್ಸಾಪ್ ಕುಗ್ಗಿಸಿದ ಚಿತ್ರವನ್ನು ಅಂಗಡಿಯವರು ಆರಡಿ ಅಗಲಕ್ಕೆ ಹಿಗ್ಗಿಸಿದ್ದರು. ಓಣಿಯ ಹೆಸರುಗಳು ಮಸಿ ಒರೆಸಿದಂತಿದ್ದವು. ಹತ್ತಿರದ ಚುಕ್ಕಿಗಳು ಒಂದರೊಳಗೊಂದು ಕಲೆತು ನೇರಳೆಯಾಗಿದ್ದವು.

ಕುರಿ ಸಾಕುವ ಮನೆಯ ಹೆಂಗಸೊಬ್ಬರು ಮುಂದೆ ಬಂದು ಕೇಳಿದರು: "ಯವ್ವಾ, ಇದರಾಗ ನಮ್ಮ ಬೋರ್ ಯಾವ್ದದ?"

ನಾನು ಬಗ್ಗಿ ನೋಡಿದೆ. ನಾನೇ ಮಾಡಿದ ನಕ್ಷೆ ನನಗೇ ಓದಲು ಬರಲಿಲ್ಲ. ಹಿಂದಿನಿಂದ ಮುದುಕರೊಬ್ಬರು, "ಕೆಂಪು, ನೀಲಿ ಕೂಡಿ ಹೋಳಿ ಆಡ್ಯಾವ ಬಿಡ್ರಿ" ಎಂದರು. ಎಲ್ಲರೂ ನಕ್ಕರು. ಆಕೆ ಮಾತ್ರ ನಗಲಿಲ್ಲ.

"ನಗೂದು ಇರಲಿ. ಸಂಜಿಗಿ ನಾ ಕೊಡ ಎಲ್ಲಿ ಇಡ್ಲಿ, ಅದನ್ನ ಹೇಳ್ರಿ."

ಪರೀಕ್ಷೆ ಮಾಡಿದ ಸಹೋದ್ಯೋಗಿಗೆ ಫೋನ್ ಹಚ್ಚಿದೆ. ಅವರು ರಜಿಸ್ಟರ್ ನೋಡಿ ಓದುತ್ತ ಹೋದರು, ನಾನು ಒಂದೊಂದೇ ಬೋರಿನ ಹೆಸರು ಕೂಗಿ ಹೇಳಿದೆ. ಆಕೆಯ ಓಣಿಯದು ಕುಡಿಯಬಾರದ ನೀರು.

"ಮತ್ತ ಇಷ್ಟು ದಿನ ಕುಡದೀವಲ್ಲ?" ಎಂದರು ಆಕೆ. ಹತ್ತಿರದಲ್ಲಿ ಕುಡಿಯಬಹುದಾದ ಬೋರ್ ಯಾವುದೆಂದು ಫೋನಿನಲ್ಲೇ ಕೇಳಿ ಆಕೆಗೆ ಹೇಳಿದೆ.

ಮರುದಿನ ಸಿಟ್ಟಿನಲ್ಲೇ ಶಹಾಪುರಕ್ಕೆ ಹೋದೆ. ಅಂಗಡಿಯವರು ತಣ್ಣಗೆ ಹೇಳಿದರು: "ಮೇಡಂ, ನೀವು ಕಳಿಸಿದ್ದೇ ಅಷ್ಟದ. ಒರಿಜಿನಲ್ ಫೈಲ್ ಕೊಡ್ರಿ, ಈಗೇ ಛಾಪಿಸ್ತೀನಿ."

ಒರಿಜಿನಲ್ ಇದ್ದರಲ್ಲವೇ ಕೊಡುವುದು! ಚಿತ್ರ ಸಿಕ್ಕಿತಲ್ಲ ಎಂದು ತಿದ್ದಲು ಬರುವ ಮೂಲ ಫೈಲನ್ನು ನಾನೇ ಅಳಿಸಿಹಾಕಿದ್ದೆ. ನನ್ನಲ್ಲಿ ಉಳಿದಿದ್ದ ಜೆಪೆಗ್ ಕೂಡ ಆರಡಿಗೆ ಸಾಲದಷ್ಟು ಚಿಕ್ಕದು. ಎರಡು ದಿನ ಕೂತು ಎಲ್ಲ ಚುಕ್ಕಿಗಳನ್ನೂ ಮತ್ತೆ ಹಾಕಿದೆ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲವೆಂದು ಕೇಳಿ ಈ ಸಲ ಎಸ್‌ವಿಜಿ ಫೈಲ್ ಒಯ್ದೆ. ನಿಜ, ಗೆರೆ ಒಡೆಯಲಿಲ್ಲ. ಆದರೆ ಅವರ ಕಂಪ್ಯೂಟರಿನಲ್ಲಿ ನನ್ನ ಕನ್ನಡ ಫಾಂಟ್ ಇರಲಿಲ್ಲ. ಒತ್ತಕ್ಷರಗಳೆಲ್ಲ ಕಳಚಿ ಬಿದ್ದು, ಒತ್ತೇ ಇಲ್ಲದ 'ಅಗಸಿ ಓಣಿ' ಎಂಬ ಹೆಸರೊಂದೇ ಸರಿಯಾಗಿ ಉಳಿದಿತ್ತು.

"ಇದು ಯಾವ ಭಾಷಾರಿ?" ಎಂದರು ಅವರು.

ಕೊನೆಗೆ ಅವರೇ ದಾರಿ ತೋರಿಸಿದರು. ಅಕ್ಷರಗಳನ್ನೆಲ್ಲ ಗೆರೆಗಳಾಗಿ ಬದಲಿಸಿ ಪಿಡಿಎಫ್ ಮಾಡಿದರೆ ಫಾಂಟಿನ ಗೊಡವೆಯೇ ಇಲ್ಲವಂತೆ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಹಾಗೆಯೇ ಮಾಡಿ, ಪೆನ್‌ಡ್ರೈವಿನಲ್ಲಿ ಕೊಟ್ಟೆ. ಮೂಲ ಫೈಲಿನ ಒಂದು ಪ್ರತಿಯನ್ನು ಆಫೀಸಿನ ಕಂಪ್ಯೂಟರಿನಲ್ಲೂ ಇಟ್ಟೆ.

ಹೊಸ ಫ್ಲೆಕ್ಸನ್ನು ಪಂಚಾಯಿತಿ ಗೋಡೆಗೆ ನಾನೇ ನಿಂತು ಕಟ್ಟಿಸಿದೆ. ಒಂದಕ್ಷರವೂ ಮಸುಕಾಗಿರಲಿಲ್ಲ. ಆದರೆ ನಿಂತು ನೋಡಿದವರು ಇಬ್ಬರೋ ಮೂವರೋ. ಉಳಿದವರು, "ಅವತ್ತೇ ಕೂಗಿ ಹೇಳೀರಲ್ಲ" ಎನ್ನುತ್ತ ಮುಂದೆ ಹೋದರು.