ಫಸ್ಟ್ ಕ್ಲಾಸಿನ ಖಾಲಿ ಸೀಟು

ದೆವ್ವ, ಭೂತ, ಸತ್ತವರು ಬಂದು ಮಾತಾಡಿಸಿದ್ದು, ಇಂಥವನ್ನೆಲ್ಲ ನಾನು ನಂಬಿದವನಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವನು ನಂಬುವುದಾದರೂ ಹೇಗೆ? ಹಾಗಲವಾಡಿಯಿಂದ ಬರುತ್ತಿದ್ದ ನಮ್ಮ ಸೋದರತ್ತೆ ಹುಣಸೆಮರದ ಮೋಹಿನಿಯ ಕಥೆ ಶುರು ಮಾಡಿದರೆ, "ಅವಳನ್ನ ಒಂದಿನ ಸ್ಕೂಲಿಗೆ ಕಳಿಸಿ ಅತ್ತೆ, ಹುಡುಗರಿಗೆ ತೋರಿಸ್ತೀನಿ" ಎಂದು ರೇಗಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಮೊದಲಲ್ಲಿ, ತುಮಕೂರಿನ ಒಂದು ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ ನಡೆದದ್ದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಅಣ್ಣ ರಂಗಸ್ವಾಮಿ ದೂರದೇಶಗಳಿಗೆ ಹಾರುವ ಒಂದು ವಿಮಾನ ಕಂಪನಿಯಲ್ಲಿದ್ದ. ಫಸ್ಟ್ ಕ್ಲಾಸಿನ ಪ್ರಯಾಣಿಕರ ಊಟ ಉಪಚಾರ ನೋಡಿಕೊಳ್ಳುವುದು ಅವನ ಕೆಲಸ. ಬೊಂಬಾಯಿಯಲ್ಲಿ ಇನ್ನೂ ಮೂವರ ಜೊತೆ ಒಂದು ಕೋಣೆಯಲ್ಲಿರುತ್ತಿದ್ದುದರಿಂದ ಅತ್ತಿಗೆ ಸಾವಿತ್ರಮ್ಮ ತುಮಕೂರಿನ ಶೆಟ್ಟಿಹಳ್ಳಿಯ ಮನೆಯಲ್ಲಿ ನಮ್ಮ ಜೊತೆಯೇ ಇದ್ದರು. ರಜೆಗೆ ಬಂದಾಗ ಅಣ್ಣ ಹೇಳುತ್ತಿದ್ದುದೆಲ್ಲ ವಿಮಾನದ ಕಥೆಯೇ. ಒರಗಿದರೆ ಹಾಸಿಗೆಯಂತಾಗುವ ಸೀಟು, ಸೊಂಟಕ್ಕೆ ಕೊಂಡಿ ಹಾಕಿಕೊಳ್ಳುವ ಬೆಲ್ಟು, ಪಿಂಗಾಣಿ ತಟ್ಟೆ, ಮೇಲಂತಸ್ತಿಗೆ ಹತ್ತುವ ಸುರುಳಿ ಮೆಟ್ಟಿಲು. ಅತ್ತಿಗೆ ಕಣ್ಣರಳಿಸಿಕೊಂಡು ಕೇಳುತ್ತಿದ್ದರು. ನೌಕರರ ಹೆಂಡತಿಗೆ ಕಂಪನಿ ಪಾಸು ಕೊಡುತ್ತಿತ್ತು. ಫಸ್ಟ್ ಕ್ಲಾಸಿನಲ್ಲಿ ಜಾಗ ಖಾಲಿ ಇದ್ದರೆ ಅಲ್ಲೇ ಕೂರಿಸುತ್ತಿದ್ದರಂತೆ. "ಮುಂದಿನ ವರ್ಷ ಕರ್ಕೊಂಡು ಹೋಗ್ತೀನಿ ಕಣೇ" ಎಂದು ಅಣ್ಣ ಪ್ರತಿ ಸಲವೂ ಹೇಳುತ್ತಿದ್ದ. ಒಂದು ವರ್ಷ ನಮ್ಮಮ್ಮ ಹಾಸಿಗೆ ಹಿಡಿದರು, ಇನ್ನೊಂದು ವರ್ಷ ಅತ್ತಿಗೆಯ ತಂಗಿಯ ಮದುವೆ, ಮತ್ತೊಂದು ವರ್ಷ ಅವನಿಗೇ ರಜೆ ಸಿಗಲಿಲ್ಲ. ಒಡವೆ ವಸ್ತ್ರ ಅಂತ ಅತ್ತಿಗೆ ಎಂದೂ ಬಾಯಿ ಬಿಟ್ಟವರಲ್ಲ. ಅದೊಂದು ಸೀಟಿನ ಮೇಲೆ ಮಾತ್ರ ಅವರಿಗೆ ಜೀವ.

ಅಣ್ಣ ಕಡೆಯ ಸಲ ರಜೆಗೆ ಬಂದಾಗ ಎಲ್ಲರೂ ಕುಣಿಗಲ್ ದಾಟಿ ಅಮೃತೂರಿಗೆ, ಅತ್ತಿಗೆಯ ತವರಿಗೆ ಹೋಗಿದ್ದೆವು. ಊಟವಾದ ಮೇಲೆ ಅವರ ತಂದೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು.

"ಅಲ್ಲ ಅಳಿಯಂದ್ರೆ, ಮುಂದ್ಗಡೆ ಕೂತೋರು ಮೊದ್ಲು ತಲುಪ್ತಾರಾ?"

"ಇಲ್ಲ ಮಾವ, ಎಲ್ರೂ ಒಟ್ಗೇ ತಲುಪೋದು."

"ಮತ್ಯಾಕೆ ಅಷ್ಟೊಂದು ದುಡ್ಡು ಸುರೀತಾರೆ?"

ನಾವೆಲ್ಲ ನಕ್ಕೆವು. ಅಣ್ಣ ನಗಲಿಲ್ಲ. "ಕಂಪ್ನಿಯೋರೂ ಅದನ್ನೇ ಕೇಳ್ತಾವ್ರೆ ಮಾವ. ಸೀಟು ತುಂಬ್ತಾ ಇಲ್ಲ. ಒಂದು ದೊಡ್ಡ ಸೀಟಿನ ಜಾಗದಾಗೆ ಸಣ್ಣವು ಎರಡು ಮೂರು ಹಾಕ್ಬೋದು. ಈ ವರ್ಷ ನಮ್ಮ ವಿಮಾನದಾಗೆ ಫಸ್ಟ್ ಕ್ಲಾಸ್ ಕಿತ್ತಾಕ್ತಾರೆ. ಇವತ್ತು ನಮ್ದು, ನಾಳೆ ಎಲ್ಲಾರ್ದೂ. ಇಂಥದ್ದೊಂದಿತ್ತು ಅಂತ ಮುಂದೆ ಯಾರೂ ನೆನೆಸ್ಕೊಳ್ಳೋದೂ ಇಲ್ಲ ಬುಡಿ" ಎಂದ.

ಬಾಗಿಲಿಗೆ ಒರಗಿ ನಿಂತಿದ್ದ ಅತ್ತಿಗೆ, "ಹಂಗಾರೆ ನನ್ ಸೀಟು?" ಎಂದರು. ಅಣ್ಣ ಮಾವನ ತಟ್ಟೆಯಿಂದ ಒಂದು ಎಲೆ ತೆಗೆದು ಸುಣ್ಣ ಹಚ್ಚತೊಡಗಿದ. ನಿನ್ನ ಕೆಲಸದ ಗತಿ ಏನು ಎಂದು ಕೇಳಬೇಕೆಂದಿದ್ದ ನಾನು ಅದನ್ನು ಇನ್ನೊಂದು ದಿನಕ್ಕೆ ಬಿಟ್ಟೆ.

ಅವನು ಹೋದ ಕೆಲವು ತಿಂಗಳಿಗೆ ಅತ್ತಿಗೆಯ ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಆಸ್ಪತ್ರೆಗೆ ಸೇರಿಸಿದೆವು, ಡಾಕ್ಟರು ಕೈಚೆಲ್ಲಿದರು. ಬೊಂಬಾಯಿಗೆ ಟೆಲಿಗ್ರಾಂ ಕೊಟ್ಟೆ. ಅಣ್ಣ ಹೊರದೇಶದಲ್ಲಿದ್ದಾನೆ, ಹಿಂತಿರುಗಿದ ಕೂಡಲೇ ತಿಳಿಸುತ್ತೇವೆ ಎಂದು ಕಂಪನಿಯವರಿಂದ ಉತ್ತರ ಬಂತು. "ಇವ್ರು ಬತ್ತಾರಾ?" ಎಂದು ಅತ್ತಿಗೆ ಕೇಳುತ್ತಲೇ ಇದ್ದರು. ಬರುತ್ತಾನೆ ಎಂದು ನಾನು ಹೇಳುತ್ತಲೇ ಇದ್ದೆ.

ಆ ಮಧ್ಯಾಹ್ನ ನನ್ನ ಹೆಂಡತಿ ನನಗೆ ಊಟ ತರಲು ಮನೆಗೆ ಹೋಗಿದ್ದಳು. ಬೆಳಗಿನಿಂದ ಎಚ್ಚರವೇ ಇಲ್ಲದ ಅತ್ತಿಗೆ ಇದ್ದಕ್ಕಿದ್ದಂತೆ, "ರೀ, ಬೆಲ್ಟು ಬಿಗಿ ಆಯ್ತೈತೆ, ವಸಿ ಸಡ್ಲ ಮಾಡ್ರೀ" ಎಂದರು. ಮೈದುನನಾದ ನನ್ನನ್ನು ಅವರು ಕರೆಯುತ್ತಿದ್ದುದು 'ಏನಪ್ಪ' ಎಂದು. 'ರೀ' ಎನ್ನುತ್ತಿದ್ದುದು ಅಣ್ಣನಿಗೊಬ್ಬನಿಗೇ. ಕೈ ಸೊಂಟದ ಮೇಲೆ ತಡಕಾಡುತ್ತಿತ್ತು. ಹೊಟ್ಟೆಯ ಉಬ್ಬರಕ್ಕೆ ಹೊದಿಕೆಯೇ ಭಾರವಾಗಿರಬೇಕೆಂದು ಅದನ್ನು ತೆಗೆದೆ. ಒದ್ದಾಟ ನಿಲ್ಲಲಿಲ್ಲ. "ಎಲ್ಲಾ ಸೀಟೂ ಖಾಲಿ ಐತಲ್ರೀ" ಎಂದರು. ನನಗೆ ಏನು ಮಾಡಲೂ ತೋಚದೆ ಸ್ಟೂಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ, ನಾನು ಮುಟ್ಟಿರಲೂ ಇಲ್ಲ, ಅವರ ಸೊಂಟದ ಹತ್ತಿರ ಟಕ್ಕೆಂದು ಒಂದು ಸದ್ದಾಯಿತು. ಕೈ ನಿಂತಿತು. ನೀಳವಾಗಿ ಉಸಿರು ಬಿಟ್ಟು, "ಈಗ ಸರಿಹೋಯ್ತು" ಎಂದರು. ನಾನು ಓಡಿಹೋಗಿ ನರ್ಸನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾಯಿಲೆಯ ಮಂಪರಿನಲ್ಲಿ ಆಡಿದ ಮಾತು, ಅಣ್ಣ ಹೇಳಿದ ಕಥೆಗಳೇ ಬಾಯಿಗೆ ಬಂದಿವೆ, ಸದ್ದು ಆ ಹಳೆಯ ಕಬ್ಬಿಣದ ಮಂಚದ್ದು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಕೂಡ.

ಅಣ್ಣ ಬರುವ ಹೊತ್ತಿಗೆ ಮಣ್ಣು ಕೊಟ್ಟು ಬಂದಿದ್ದೆವು. ಬೊಂಬಾಯಿಯಲ್ಲಿ ಇಳಿದ ಮೇಲೆಯೇ ಅವನಿಗೆ ಸುದ್ದಿ ಸಿಕ್ಕಿದ್ದು. ಕಾಯಿಲೆಯೆಂಬುದೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಅಳಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, "ನೀನು ಸೈನ್ಸ್ ಓದ್ದೋನು, ನಗಬ್ಯಾಡ ಕಣೋ" ಎಂದು ಶುರು ಮಾಡಿದ. ಅತ್ತಿಗೆ ತೀರಿಕೊಂಡ ದಿನ ಅವನು ಬೊಂಬಾಯಿಗೆ ಹಿಂತಿರುಗುತ್ತಿದ್ದ ವಿಮಾನಕ್ಕೆ ಅದು ಫಸ್ಟ್ ಕ್ಲಾಸ್ ಇದ್ದ ಕೊನೆಯ ಪ್ರಯಾಣ. ಮುಂದಿನ ಭಾಗದಲ್ಲಿ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಸುಮ್ಮನೆ ಪರದೆ ಸರಿಸಿ ನೋಡಿದರೆ, ಕಿಟಕಿ ಪಕ್ಕದ ಸೀಟಿನಲ್ಲಿ ಅತ್ತಿಗೆ ಕೂತಿದ್ದರಂತೆ.

"ಬೆಲ್ಟು ಬಿಗಿ ಆಯ್ತೈತೆ, ಸಡ್ಲ ಮಾಡ್ರೀ ಅಂದ್ಲು. ಬಗ್ಗಿ ಕೊಂಡಿ ತೆಗ್ದೆ. ಈಗ ಸರಿಹೋಯ್ತು ಅಂದ್ಲು. ಆಮೇಲೆ 'ಹೋಗ್ತೀನಿ' ಅಂದ್ಲು ಕಣೋ."

ನಮ್ಮ ಕಡೆ ಹೊರಡುವಾಗ ಯಾರೂ ಆ ಮಾತು ಆಡುವುದಿಲ್ಲ. ಪಕ್ಕದ ಅಂಗಡಿಗೆ ಹೊರಟರೂ 'ಬರ್ತೀನಿ' ಎನ್ನಬೇಕು. ನನ್ನ ಮಕ್ಕಳು ಬಾಯಿತಪ್ಪಿ 'ಹೋಗ್ತೀನಿ' ಎಂದರೆ, ಬೀದಿಯಿಂದ ವಾಪಸ್ ಕರೆದು 'ಬರ್ತೀನಿ' ಎನ್ನಿಸಿ ಕಳಿಸುತ್ತಿದ್ದವರು ಅತ್ತಿಗೆಯೇ. ಆಸ್ಪತ್ರೆಯಲ್ಲಿ ಕಂಡದ್ದನ್ನು, ಕೇಳಿದ್ದನ್ನು ಅವನಿಗೆ ಹೇಳಿದೆ.

ಕಂಪನಿ ಆ ಸೀಟುಗಳನ್ನು ಕಿತ್ತುಹಾಕಿತು, ಅಣ್ಣನನ್ನೂ ಮನೆಗೆ ಕಳಿಸಿತು. ಅವನು ಶೆಟ್ಟಿಹಳ್ಳಿಗೆ ಬಂದು ನಮ್ಮ ಜೊತೆ ಉಳಿದ, ಬೇರೆ ಕೆಲಸ ಹುಡುಕಲಿಲ್ಲ. ಊಟಕ್ಕೆ ಕೂತಾಗ ಒಮ್ಮೊಮ್ಮೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ನಾನು ಕೊಂಡಿ ತೆಗೀದೇ ಇದ್ದಿದ್ರೆ ಅವ್ಳು ಇರ್ತಿದ್ಲೇನೋ?" ಎಂದು ಕೇಳುತ್ತಾನೆ. ನಾನು ಲಿವರಿನ ವಿಷಯ, ಹೊಟ್ಟೆಯ ನೀರಿನ ವಿಷಯ, ಡಾಕ್ಟರು ಅಂದದ್ದು, ಎಲ್ಲವನ್ನೂ ಮತ್ತೆ ಬಿಡಿಸಿ ಹೇಳುತ್ತೇನೆ. ಅವನು ಪೂರ್ತಿ ಕೇಳಿಸಿಕೊಳ್ಳುತ್ತಾನೆ.

"ಅದೆಲ್ಲ ಸರಿ ಕಣೋ" ಎನ್ನುತ್ತಾನೆ. "ಆದ್ರೆ ಕೊಂಡಿ ತೆಗ್ದಿದ್ದು ನಾನೇ ಅಲ್ವಾ?"